ದಿನ ಬಿಟ್ಟು ದಿನದ ಸವಾರಿ

ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ರಕ್ತನಾಳ ಹುರಿಹಗ್ಗದ ಹಾಗೆ ಉಬ್ಬಿ ನಿಂತಿತ್ತು. ಬೆರಳಿಟ್ಟರೆ ಒಳಗೆ ಏನೋ ಗುಂಯ್ಯೆಂದು ಓಡುತ್ತಿರುವುದು ತಿಳಿಯುತ್ತಿತ್ತು. ಕಿವಿ ಹಚ್ಚಿದರೆ, ದೂರದ ಏರಿನಲ್ಲಿ ಬಸ್ಸೊಂದು ಹತ್ತುತ್ತಿರುವಂಥ ಸದ್ದು. ಡಯಾಲಿಸಿಸ್‌ಗೆಂದು ನಾಳಕ್ಕೆ ನಾಳ ಕೂಡಿಸಿ ಹೊಲಿದ ಕೈ ಅದು. ನನ್ನ ಕೈಗೂ ಅಂಥದೇ ಹೊಲಿಗೆ ಬಿದ್ದು, ಗಾಯ ಆಗಷ್ಟೇ ಮಾಗಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಮೊದಲ ದಿನ ನಾನು ಸೂಜಿಯ ದಪ್ಪ ನೋಡಿ ಮುಖ ತಿರುಗಿಸಿ ಮಲಗಿದ್ದಾಗ, ಪಕ್ಕದ ಮಂಚದಿಂದ ಅವರು ಆ ಕೈ ಚಾಚಿದರು.

"ಮುಟ್ಟಿ ನೋಡು ತಮ್ಮಾ. ಎಂಜಿನ್ ಚಾಲೂ ಅದ."

ಅವರು ಬಸ್ ಡ್ರೈವರ್ ಆಗಿದ್ದವರು. ರಾಯಚೂರಿನಿಂದ ಮುಂಬೈಗೆ ಹೋಗುವ ರಾತ್ರಿ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಸ್ಟಿಯರಿಂಗ್ ಬಿಡಬೇಕಾಯಿತು. ವಾರ್ಡಿನಲ್ಲಿ ನರ್ಸಮ್ಮನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಅವರನ್ನು 'ಡ್ರೈವರ್ ಕಾಕಾ' ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನನ್ನದು ಊರಿನ ದವಸದ ಪೇಟೆಯಾದ ಗಂಜಿನಲ್ಲಿ ಕಾಳುಕಡಿಯ ದಲಾಲಿ ಮಾಡುವ ಅಡತಿ ಅಂಗಡಿ ನಡೆಸುವ ಮನೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹತ್ತಿ, ಭತ್ತದ ಚೀಲಗಳ ನಡುವೆ ದಿನ ಕಳೆಯುತ್ತಿದ್ದವನಿಗೆ ಒಂದು ಮಳೆಗಾಲದಲ್ಲಿ ಕಾಲು ಊದಿಕೊಂಡವು, ಮುಂದಿನ ಬೇಸಿಗೆಯ ಹೊತ್ತಿಗೆ ಮಷಿನ್ ಬಂತು. ಒಂದು ದಿನ ಬಿಟ್ಟು ಒಂದು ದಿನ, ನಾಲ್ಕು ತಾಸು, ಮೈಯ ರಕ್ತವೆಲ್ಲ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರಬೇಕು. ಹೋದ ಕೂಡಲೇ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಎಷ್ಟು ತೂಕ ಏರಿದೆಯೋ ಅಷ್ಟೂ ನಾವು ಕುಡಿದ ನೀರು. ರಾಯಚೂರಿನ ಬಿಸಿಲಿನಲ್ಲಿ ದಿನಕ್ಕೆ ಎರಡು ಮೂರು ಲೋಟದ ಮೇಲೆ ನೀರು ಮುಟ್ಟುವಂತಿಲ್ಲ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನನ್ನ ತಾಯಿ ನೀರಿನ ಕೊಡವನ್ನು ದೇವರ ಕೋಣೆಗೆ ಸಾಗಿಸಿ ಬಾಗಿಲಿಗೆ ಬೀಗ ಹಾಕಿದಳು. ಕೀಲಿ ಆಕೆಯ ಸೊಂಟದಲ್ಲಿ. ಅಂಗಡಿಗೆ ಹೋಗಬೇಡ, ಧೂಳು. ಮದುವೆಗೆ ಹೋಗಬೇಡ, ಅಲ್ಲಿ ಪಾನಕ ಕೊಡುತ್ತಾರೆ. ಬಂದವರು ಬಾಗಿಲಲ್ಲೇ ದನಿ ತಗ್ಗಿಸಿ, "ಪೇಶೆಂಟ್ ಮಲಗ್ಯಾನೇನು?" ಎಂದು ಕೇಳುತ್ತಿದ್ದರು. ನಾನು ಎಚ್ಚರವಿದ್ದರೂ ಕಣ್ಣು ಮುಚ್ಚಿ ಬಿದ್ದಿರುತ್ತಿದ್ದೆ. ಮನೆಯಿಂದ ಮಷಿನ್‌ಗೆ, ಮಷಿನ್‌ನಿಂದ ಮನೆಗೆ. ಆ ರಸ್ತೆಯ ಪ್ರತಿ ಗುಂಡಿಯೂ ನನಗೆ ಬಾಯಿಪಾಠವಾಗಿತ್ತು.

ಕಾಕಾನ ಮನೆಯಲ್ಲೂ ಇದೇ ಕಥೆ. ಅವರ ಹೆಂಡತಿ, ನಾನು ಚಿಗವ್ವ ಎಂದು ಕರೆಯುತ್ತಿದ್ದೆ, ಮೊದಲು ಮಾಡಿದ ಕೆಲಸವೆಂದರೆ ಅವರ ಮೋಟರ್ ಸೈಕಲ್ ಮಾರಿದ್ದು. ದಾರಿಯಲ್ಲಿ ಬಿದ್ದರೆ ಯಾರು ನೋಡಬೇಕು ಎಂಬುದು ಆಕೆಯ ಮಾತು. ಆದರೆ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೆಯ ಸೈಕಲ್ಲು ಆಕೆಯ ಲೆಕ್ಕಕ್ಕೆ ಬರಲಿಲ್ಲ. ಕಾಕಾ ಅದನ್ನು ತಳ್ಳಿಕೊಂಡು ಪರಿಚಯದ ಗ್ಯಾರೇಜಿಗೆ ಹೋದರು. ಹೊಲಕ್ಕೆ ಎಣ್ಣೆ, ಅಂದರೆ ಹುಳದ ಔಷಧ, ಹೊಡೆಯುವ ಪಂಪಿನ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಕ್ಯಾರಿಯರ್ ಮೇಲೆ ಕೂಡಿಸಿ, ಹಿಂದಿನ ಗಾಲಿಗೆ ಚೈನು ಎಳೆಸಿದರು. ಕಾಲಲ್ಲಿ ಕಸುವಿದ್ದಾಗ ತುಳಿಯುವುದು, ಇಲ್ಲದಾಗ ಎಂಜಿನ್ ಹಚ್ಚುವುದು. ಅದು ಹೋಗುವ ಸದ್ದಿಗೆ ಹೊಲದ ಮಂದಿ ತಲೆ ಎತ್ತಿ, ಈ ಉರಿ ಬಿಸಿಲಲ್ಲಿ ಯಾರಪ್ಪಾ ಎಣ್ಣೆ ಹೊಡೆಯುತ್ತಿರುವವರು ಎಂದು ಸುತ್ತ ನೋಡುತ್ತಿದ್ದರು. ಕಾಕಾ ಅವರತ್ತ ಕೈ ಬೀಸಿ ಮುಂದೆ ಹೋಗುತ್ತಿದ್ದರು.

"ಬಸ್ಸಿಗೆ ಡಿಪೋ ಇದ್ದಂಗ ನಮಗ ಮಷಿನ್," ಎಂದು ಒಂದು ದಿನ ಮಲಗಿದಲ್ಲಿಂದಲೇ ಹೇಳಿದರು. "ಒಂದs ಡಿಪೋ ಇದ್ರ ಎಲ್ಲಿಗೂ ಹೋಗಾಕ ಆಗಂಗಿಲ್ಲ, ಖರೆ. ಆದ್ರ ದೇವದುರ್ಗದಾಗೂ ಮಷಿನ್ ಅದ, ಮಾನ್ವ್ಯಾಗೂ ಅದ. ಡಿಪೋ ಮೂರಾದ್ವು ಅಂದ್ರ ಅದು ರೂಟ್ ಆಗ್ತದ ತಮ್ಮಾ."

ಅವರು ಆ ರೂಟನ್ನು ಆಗಲೇ ಶುರು ಮಾಡಿದ್ದರು. ಡಾಕ್ಟರರಿಂದ ಚೀಟಿ ಬರೆಸಿಕೊಂಡು, ಆಚೆಯ ಊರಿಗೆ ಮೊದಲೇ ಫೋನ್ ಮಾಡಿ, ರಾಯಚೂರಿನಲ್ಲಿ ಒಂದು ಡಯಾಲಿಸಿಸ್ ಮುಗಿಸಿ ಮರುದಿನ ಮುಂಜಾನೆ ಹೊರಡುವುದು. ಸಂಜೆ ಎಲ್ಲಾದರೂ ಗುಡಾರ ಹಾಕಿ ಮಲಗುವುದು. ಅದರ ಮರುದಿನ ದೇವದುರ್ಗದ ಮಷಿನ್. ಮತ್ತೆ ಒಂದು ದಿನ ದಾರಿ, ಸಿರವಾರದ ಮೇಲೆ ಹಾದು ಮಾನ್ವಿ. ಅಲ್ಲಿಂದ ರಾಯಚೂರು. ಹ್ಯಾಂಡಲ್ಲಿಗೆ ಕಟ್ಟಿದ ನೀಲಿ ಗುಡಾರ, ಉಪ್ಪಿಲ್ಲದ ರೊಟ್ಟಿಯ ಗಂಟು, ಒಂದು ಒದ್ದೆ ಟವೆಲ್ಲು, ಇಷ್ಟೇ ಸಾಮಾನು. ಆ ಟವೆಲ್ಲನ್ನು ತಲೆಗೆ, ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದರು. "ಗಂಟಲಾ ಕೇಳೂದು ನೀರಲ್ಲ, ತಂಪು. ಕೊಡೂದನ್ನ ಹೊರಗಿಂದ ಕೊಡು," ಎನ್ನುತ್ತಿದ್ದರು.

ನನ್ನ ಕಾಲೇಜಿನ ಕಾಲದ ಸೈಕಲ್ಲಿಗೂ ಅಂಥದೇ ಎಂಜಿನ್ ಕೂಡಿಸಿಕೊಟ್ಟವರು ಅವರೇ. ನನ್ನ ತಾಯಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಕಡೆಗೆ ಕಾಕಾ ಮನೆಗೇ ಬಂದು, ನೆಲದ ಮೇಲೆ ಕೂತು, "ತಂಗೀ, ನಿನ್ನ ಮಗನ ಒಯ್ದು ನಾನs ತಂದು ಬಿಡ್ತೀನಿ. ಇಷ್ಟು ವರ್ಷ ಬಸ್ ಹೊಡದೀನಿ, ಒಬ್ಬ ಪ್ಯಾಸೆಂಜರ್‌ನೂ ದಾರ್ಯಾಗ ಬಿಟ್ಟು ಬಂದಿಲ್ಲ," ಎಂದರು. ಆಕೆ ಒಳಗೆ ಹೋಗಿ ರೊಟ್ಟಿ ಕಟ್ಟಿಕೊಟ್ಟಳು.

ಮಳೆಗಾಲದ ಕೊನೆ, ಉತ್ತರಿ ಮಳೆಯ ದಿನಗಳು. ಕಲ್ಮಲ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹತ್ತಿ ಸೊಂಟದ ಮಟ್ಟ ನಿಂತಿತ್ತು. ಎಷ್ಟೋ ತಿಂಗಳ ಮೇಲೆ ನಾನು ಆಸ್ಪತ್ರೆಯ ದಿಕ್ಕಿಗೆ ಬೆನ್ನು ಮಾಡಿ ಹೊರಟಿದ್ದೆ. ಮುಂಜಾನೆಯೆಲ್ಲ ತುಳಿದೆವು, ಊಟದ ಮೇಲೆ ಎಂಜಿನ್ ಹಚ್ಚಿದೆವು. ದೇವದುರ್ಗವನ್ನು ಬದಿಗೆ ಬಿಟ್ಟು, ಒಂದು ಹಳ್ಳ ದಾಟಿ, ಗುಡ್ಡದ ಬುಡ ಬಳಸಿ ಕೃಷ್ಣೆಯ ದಂಡೆಗೆ ಬಂದಾಗ ಹೊತ್ತು ಇಳಿದಿತ್ತು. ಹೊಳೆ ಕೆಂಪಗೆ, ತುಂಬಿ ಹರಿಯುತ್ತಿತ್ತು. ಕಾಕಾ ಚಪ್ಪಲಿ ಬಿಟ್ಟು ಇಳಿದು, ಬೊಗಸೆ ತುಂಬ ನೀರೆತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಇಟ್ಟುಕೊಂಡು ಉಗುಳಿದರು. ಮತ್ತೆ ತುಂಬಿಕೊಂಡರು, ಮತ್ತೆ ಉಗುಳಿದರು. ನಾನೂ ಹಾಗೇ ಮಾಡಿದೆ. ನಮ್ಮನ್ನು ಯಾರಾದರೂ ನೋಡಿದ್ದರೆ ಹುಚ್ಚರು ಎನ್ನುತ್ತಿದ್ದರು.

"ಕಾಕಾ, ಎಷ್ಟು ಸುತ್ತಿದ್ರೂ ಈ ಮೂರು ಊರು ಬಿಟ್ಟು ಆಚಿಗೆ ಹೋಗಾಕ ಆಗಂಗಿಲ್ಲಲ್ಲ," ಎಂದೆ.

ಅವರು ಗುಡಾರದ ಗೂಟಕ್ಕೆ ಕಲ್ಲಿನಿಂದ ನಾಲ್ಕು ಏಟು ಹಾಕಿದರು. "ಗಾಣದ ಎತ್ತು ನಾವು. ಅದರಾಗ ಸುಳ್ಳಿಲ್ಲ," ಎಂದರು. "ನಾ ಏನೂ ದೊಡ್ಡದು ಗೆದ್ದೀನಿ ಅಂತ ತಿಳಿಬ್ಯಾಡ. ನನಗೂ ಒಮ್ಮೊಮ್ಮೆ ಕೊಳ್ಳಾಗಿನ ನೊಗ ಕಿತ್ತು ಒಗೀಬೇಕು ಅನಸ್ತದ. ಆದ್ರ ಗಾಣದ ಎತ್ತಿಗೂ ಗಾಳಿ ಬೀಸ್ತದಲ್ಲೋ."

ಸಂಜೆಯೇ ಮಳೆ ಹಿಡಿಯಿತು. ಬಿಡಲಿಲ್ಲ. ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಹಳ್ಳದ ದಂಡೆಗೆ ಬಂದಾಗ, ಹಿಂದಿನ ದಿನ ಗಾಲಿಯ ಅಂಚು ತೊಯ್ಯುವಷ್ಟು ನೀರಿದ್ದಲ್ಲಿ ಮಣ್ಣುಬಣ್ಣದ ಪ್ರವಾಹ ಮರದ ಕೊಂಬೆಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಮುಂದೆ ಹಳ್ಳ, ಹಿಂದೆ ಹೊಳೆ, ಪಕ್ಕದಲ್ಲಿ ಬರಿಗಲ್ಲಿನ ಗುಡ್ಡ. ಹಳ್ಳದಾಚೆ ದೇವದುರ್ಗದಲ್ಲಿ ಅವತ್ತು ನಮ್ಮಿಬ್ಬರ ಪಾಳಿ.

ಗುಡ್ಡದ ಬುಡದಲ್ಲಿ ಒಂದು ಕುರಿಹಟ್ಟಿ ಬೀಡು ಬಿಟ್ಟಿತ್ತು. ಕುರಿ ಕಾಯುವ ಒಂದು ಸಂಸಾರ ತಾಡಪಾಲಿನ ಕೆಳಗೆ ಒಲೆ ಹೂಡಿತ್ತು. ನಮ್ಮನ್ನು ಕಂಡ ಕೂಡಲೇ ಮುದುಕಿಯೊಬ್ಬಳು ಕೂಗಿದಳು.

"ಒಳಗ ಬರ್ರ್ಯೋ ಯಪ್ಪಗಳ್ರಾ, ತೊಯ್ದು ತೊಪ್ಪಡಿ ಆಗೀರಿ. ಕುಂದರ್ರಿ, ಚಾ ಇಡ್ತೀನಿ."

"ಬ್ಯಾಡ ಬೇ ಯವ್ವಾ," ಎಂದರು ಕಾಕಾ.

ಆಕೆಯ ಮುಖ ಬಿಗಿಯಿತು. "ಯಾಕ? ಕುರಿಯವರ ಕೈದು ಆಗಂಗಿಲ್ಲೇನು?"

"ಹಂಗಲ್ಲ ಯವ್ವಾ. ನಮ್ಮಿಬ್ಬರಿಗೂ ಒಂದಕ್ಕ ಬರಂಗಿಲ್ಲ. ಕುಡಿದದ್ದು ಹೊರಗ ಹೋಗಂಗಿಲ್ಲ. ಒಳಗs ನಿಂತು ಉಸಿರು ಹಿಡೀತದ."

ಮುದುಕಿ ಅವರನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದಳು. "ನೀರs ಆಗಂಗಿಲ್ಲ ಅಂದ್ಮ್ಯಾಲ ಹೊಳಿ ದಂಡಿಗೆ ಯಾಕ ಸಾಯಾಕ ಬಂದೀರಿ?"

"ನೋಡಾಕ," ಎಂದರು ಕಾಕಾ. "ನೋಡಿದ್ರ ತೂಕ ಏರಂಗಿಲ್ಲಲ್ಲ ಬೇ."

ಆಕೆ ನಕ್ಕಳು. ಆಮೇಲೆ ಕುರಿಹಾಲಿನ ಚಹಾ ಮಾಡಿ, ಗಡಿಗೆಯ ಪುಟ್ಟ ಮುಚ್ಚಳದಲ್ಲಿ ಇಬ್ಬರಿಗೂ ಒಂದೊಂದು ಗುಟುಕು ಕೊಟ್ಟಳು. ಅಷ್ಟು ಬಿಸಿಯಾದ, ಅಷ್ಟು ಚಿಕ್ಕದಾದ, ಅಷ್ಟು ರುಚಿಯ ಚಹಾ ಮತ್ತೆ ನಾನು ಕುಡಿದಿಲ್ಲ.

ಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮಳೆ ತುಸು ತಗ್ಗಿದಾಗ ಕಾಕಾ ಗುಡ್ಡ ಹತ್ತಿ ದೇವದುರ್ಗದ ಆಸ್ಪತ್ರೆಗೆ ತಿಳಿಸಿ ಬಂದರು. ಮನೆಗೆ ಮಾಡಲಿಲ್ಲ. "ಅವರಿಗೆ ಗೊತ್ತಾದ್ರ ಹಳ್ಳ ಇಳಿಯಂಗಿಲ್ಲ, ಅವರ ಎದಿ ಅಷ್ಟ ಒಡೀತದ," ಎಂದರು. ಇಡೀ ದಿನ ತಾಡಪಾಲಿನ ಕೆಳಗೆ ಕೂತೆವು. ಕುರಿಗಳ ಒದ್ದೆ ಉಣ್ಣೆಯ ವಾಸನೆ, ಒಲೆಯ ಹೊಗೆ, ಎಲ್ಲ ದಿಕ್ಕಿನಿಂದ ನೀರಿನ ಮೊರೆತ. ಸಂಜೆಗೆ ನನ್ನ ಉಸಿರು ಗಿಡ್ಡವಾಗತೊಡಗಿತು. ಅಡ್ಡಾದರೆ ಎದೆಯ ಮೇಲೆ ಯಾರೋ ಚೀಲ ಹೇರಿದ ಹಾಗೆ. ಎದ್ದು ಓಡಬೇಕೆನಿಸುತ್ತಿತ್ತು, ಓಡಲು ಜಾಗವಿರಲಿಲ್ಲ.

ಕಾಕಾ ನನ್ನ ಹಿಂದೆ ಬಂದು ಕೂತು ಬೆನ್ನಿಗೆ ಬೆನ್ನು ಕೊಟ್ಟರು. "ಮಲಗಬ್ಯಾಡ. ನನ್ನ ಮ್ಯಾಲ ಭಾರ ಹಾಕಿ ಕುಂದ್ರು. ಮುಂಬೈಗೆ ಹೋಗೂಣು ನಡಿ," ಎಂದರು. ಆಮೇಲೆ ಮಾತಿನಲ್ಲೇ ರಾಯಚೂರಿನ ಸ್ಟ್ಯಾಂಡಿನಿಂದ ಬಸ್ ತೆಗೆದರು. "ಲಿಂಗಸುಗೂರು ಬಂತು. ಹತ್ತವರು ಹತ್ರಿ... ಈಗ ರಸ್ತಾ ಸರಿ ಅದ, ಟಾಪ್ ಗೇರ್ ಹಾಕೀನಿ... ಬಿಜಾಪುರ. ಇಲ್ಲಿ ಚಾದ ಅಂಗಡ್ಯಾಗ ನನ್ನ ಹೆಸರು ಹೇಳಿದ್ರ ಬಜ್ಜಿ ಪುಕ್ಕಟ ಕೊಡ್ತಿದ್ರು..." ನನ್ನ ಉಸಿರು ಏರಿದಾಗ ಅವರು ಮಾತು ನಿಧಾನಿಸುತ್ತಿದ್ದರು, "ಚಡಾವ್ ಅದ, ಸಣ್ಣ ಗೇರ್‌ನಾಗ ಹತ್ತು" ಎನ್ನುತ್ತಿದ್ದರು. ಅವರ ಉಸಿರೂ ಆಗ ಸರಿಯಿರಲಿಲ್ಲ ಎಂಬುದು ಬೆನ್ನಿಗೆ ತಾಗುತ್ತಿತ್ತು. ಸೊಲ್ಲಾಪುರದಲ್ಲಿ ನನಗೆ ಕೂತಲ್ಲೇ ಜೊಂಪು ಹತ್ತಿತು. ಪುಣೆ ದಾಟುವ ಹೊತ್ತಿಗೆ ಬೆಳಕು ಹರಿದಿತ್ತು, ಮಳೆ ನಿಂತಿತ್ತು.

ಹಳ್ಳ ಎದೆಮಟ್ಟಕ್ಕೆ ಇಳಿದಿತ್ತು. ಕುರಿಯವರ ಗಂಡಸರು ಎರಡೂ ದಂಡೆಗೆ ಹಗ್ಗ ಕಟ್ಟಿ, ಮೊದಲು ನಮ್ಮಿಬ್ಬರನ್ನು, ಆಮೇಲೆ ಹೆಗಲ ಮೇಲೆ ಸೈಕಲ್‌ಗಳನ್ನು ದಾಟಿಸಿದರು. ನನ್ನನ್ನು ಹೊತ್ತು ದಾಟಿಸಿದವನ ಕಂಬಳಿಯ ಒರಟು ಈಗಲೂ ಗಲ್ಲಕ್ಕೆ ನೆನಪಿದೆ.

ದೇವದುರ್ಗದಲ್ಲಿ ಹಿಂದಿನ ದಿನದ ನಮ್ಮ ಪಾಳಿ ಮುಗಿದು ಹೋಗಿತ್ತು. ಅವತ್ತಿನ ಮಷಿನ್‌ಗಳಿಗೆ ಅವತ್ತಿನ ಮಂದಿ ಇದ್ದರು. ಹೇಗೋ ಹೊಂದಿಸಿ ಒಂದನ್ನು ಬಿಡಿಸಿಕೊಟ್ಟ ಟೆಕ್ನಿಷಿಯನ್, "ಸಂಜಿಕಿ ಇನ್ನೊಂದು ಖಾಲಿ ಆಗ್ತದ್ರಿ. ಈಗ ಒಬ್ಬರs ಬರ್ರಿ," ಎಂದ.

ಕಾಕಾ ನನ್ನನ್ನು ಮುಂದೆ ತಳ್ಳಿದರು. ಅವರ ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ನಾನು ಬೇಡವೆಂದೆ. "ಲೇಟಾಗಿ ಬಂದ ಬಸ್ಸು ನಾನು," ಎಂದರು. "ಪ್ಲಾಟ್‌ಫಾರ್ಮ್ ಖಾಲಿ ಆಗೂತನಕ ಹೊರಗ ನಿಂದ್ರತೀನಿ. ನಿಮ್ಮವ್ವಗ ಮಾತು ಕೊಟ್ಟೀನಿ, ನಡಿ ಒಳಗ." ಸಂಜೆಯವರೆಗೆ ಆಸ್ಪತ್ರೆಯ ಅಂಗಳದ ಬೇವಿನ ಬುಡಕ್ಕೆ ಬೆನ್ನು ಹಚ್ಚಿ ಕೂತಿದ್ದರು. ಈ ಸಲ ಅವರ ಬೆನ್ನಿಗೆ ಯಾರೂ ಇರಲಿಲ್ಲ.

ನನ್ನ ರಕ್ತ ತೊಳೆದು ಮುಗಿಯುವ ಹೊತ್ತಿಗೆ ಚಿಗವ್ವ ರಾಯಚೂರಿನಿಂದ ಬಸ್ಸಿನಲ್ಲಿ ಬಂದಿಳಿದಳು. ನಮ್ಮ ಪಾಳಿ ತಪ್ಪಿದ ಸುದ್ದಿ ಆಸ್ಪತ್ರೆಯವರಿಂದ ಆಕೆಗೆ ಮುಟ್ಟಿತ್ತು. ಬೇವಿನ ಬುಡದಲ್ಲಿ ಕೂತ ಗಂಡನನ್ನು ನೋಡಿದಳು. ಅಳಲಿಲ್ಲ, ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿದಳು. ಅದಕ್ಕೇ ಕಾಕಾ ಹೆದರಿದ್ದರು ಎಂದು ಕಾಣುತ್ತದೆ.

ರಾಯಚೂರಿಗೆ ಬಂದ ಮೇಲೆ ಆಕೆ ಸೈಕಲ್ಲನ್ನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಬಿಗಿದಳು. ನನ್ನ ಸೈಕಲ್ಲು ನಮ್ಮ ಗೋದಾಮು ಸೇರಿತು. ಚಳಿಗಾಲವೆಲ್ಲ ಕಾಕಾ ಮನೆಯ ಕಟ್ಟೆಯ ಮೇಲೆ ಕೂತು ದೊಡ್ಡ ರಸ್ತೆಯಲ್ಲಿ ಹೋಗುವ ಬಸ್ಸುಗಳ ಸದ್ದು ಕೇಳುತ್ತಿದ್ದರು. ವಾರ್ಡಿನಲ್ಲಿ ಮಾತು ಕಡಿಮೆ ಮಾಡಿದರು. ತೂಕದ ಯಂತ್ರದ ಮೇಲೆ ಮೊದಲ ಬಾರಿಗೆ ಅವರ ತೂಕ ಬಹಳ ಏರಿದ್ದು ಆ ದಿನಗಳಲ್ಲೇ. ಮನೆಯಲ್ಲಿ ಕೂತವನಿಗೆ ನೀರಡಿಕೆ ಹೆಚ್ಚು.

ಒಂದು ದಿನ ನೋಡಲಿಕ್ಕೆ ಹೋದಾಗ ಚಿಗವ್ವನೇ ಮಾತು ತೆಗೆದಳು. "ನಾ ಇವರ ವೈರಿ ಅಲ್ಲಪಾ. ಮದುವಿ ಆದಾಗಿಂದ ರಾತ್ರಿ ಬಸ್ಸಿನ ದಾರಿ ಕಾಯ್ದೀನಿ. ಮಳಿ ಬಂದ್ರ ಎದ್ದು ಕುಂದರ್ತಿದ್ದೆ. ಈಗರ ಮನ್ಯಾಗ ಇರ್ತಾರ ಅಂತ ಒಳಗ ಸಮಾಧಾನ ಆಗಿತ್ತು. ಬ್ಯಾನಿ ಬಂತಲ್ಲ ಅಂತ ಸಮಾಧಾನ ಪಟ್ಟಾಕಿ ನಾ ಒಬ್ಬಾಕಿನs ಇರಬೇಕು." ಆಕೆ ಕಿಟಕಿಯ ಸರಪಳಿಯ ಕಡೆ ನೋಡಿದಳು. "ಅವರಿಗೆ ಮಷಿನಿಂದು ಗಂಟು. ನನಗ ಅವರ ಗಂಟು."

ಕಾಕಾ ಕಟ್ಟೆಯಿಂದ ಕೇಳುತ್ತಿದ್ದರು. ಅಲ್ಲಿಂದಲೇ ಹೇಳಿದರು: "ನೀ ಯಾಕ ಹಿಂದ ನಿಂತು ಕಾಯ್ತಿ? ಬಸ್ ಹತ್ತಿ ಮುಂದ ಹೋಗಿ ನಿಂದ್ರು. ನೀ ಇದ್ದಲ್ಲಿಗೆ ನಾ ಬರ್ತೀನಿ."

ಚಿಗವ್ವ ಸರಪಳಿ ಬಿಚ್ಚಿದ್ದು ಎಷ್ಟೋ ದಿನಗಳ ನಂತರ, ಯಾರಿಗೂ ಹೇಳದೆ.

ಅಲ್ಲಿಂದ ಮುಂದೆ ಅವರ ಸವಾರಿಯ ರೀತಿ ಬದಲಾಯಿತು. ಹಳ್ಳ, ಹೊಳೆದಂಡೆ ಬಿಟ್ಟು ರಸ್ತೆಯ ಪಕ್ಕದ ಗುಡಿಕಟ್ಟೆಗಳ ಬಳಿ ಗುಡಾರ ಹಾಕುತ್ತಿದ್ದರು. ಚಿಗವ್ವ ಮುಂಜಾನೆಯ ಬಸ್ಸಿಗೆ ಮಾನ್ವಿಗೋ ದೇವದುರ್ಗಕ್ಕೋ ಹೋಗಿ, ಆಸ್ಪತ್ರೆಯ ಗೇಟಿನ ಬಳಿ ಬುತ್ತಿ ಹಿಡಿದು ಕೂತಿರುತ್ತಿದ್ದಳು. ದೂರದಿಂದ ಪಂಪಿನ ಸದ್ದು ಕೇಳಿದರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ರಾಯಚೂರು ಬಿಟ್ಟು ಹೆಚ್ಚು ಕಂಡಿರದ ಆಕೆ ಮಾನ್ವಿಯ ಸಂತೆ ನೋಡಿದಳು. ಒಮ್ಮೆ ಟಂಟಂ ಆಟೋ ಹಿಡಿದು ತುಂಗಭದ್ರೆಗೂ ಹೋಗಿಬಂದಳು. ಕಾಕಾ ನನ್ನ ಕಿವಿಯಲ್ಲಿ, "ನಾ ಮಷಿನ್‌ಗೆ ಬಿದ್ದಿದ್ದಾಗ ಅಕಿ ಊರು ತಿರುಗಾಕತ್ತಾಳಲೇ," ಎಂದು ಹೆಮ್ಮೆಯಿಂದ ದೂರಿದ್ದರು. ಎಷ್ಟೋ ಸಲ ನಾನೂ ಅವರ ಜೊತೆಗಿದ್ದೆ. ಆದರೆ ಪ್ರತಿ ಸವಾರಿಯ ಕೊನೆಗೂ ಅದೇ ತೂಕದ ಯಂತ್ರ, ಅದೇ ದಪ್ಪ ಸೂಜಿ. ಅದನ್ನು ನಾವು ಯಾರೂ ಮರೆಯಲಿಲ್ಲ.

ಮುಂದಿನ ಬೇಸಿಗೆಯ ಒಂದು ಸೋಮವಾರ, ನನ್ನ ಕೈಗೆ ಆಗಷ್ಟೇ ಸೂಜಿ ಹಾಕಿದ್ದರು. ಪಕ್ಕದ ಮಂಚ ಖಾಲಿಯಿತ್ತು. ಕಾಕಾ ಲೇಟು ಮಾಡುವವರಲ್ಲ ಎಂದುಕೊಳ್ಳುವಷ್ಟರಲ್ಲಿ ಫೋನ್ ಬಂತು. ಆಸ್ಪತ್ರೆಗೆ ಹೊರಟು ಚಪ್ಪಲಿ ಮೆಟ್ಟಲು ಬಗ್ಗಿದವರು ಹಾಗೇ ಕುಸಿದರಂತೆ. ಮಾತಿಲ್ಲ, ಕಥೆಯಿಲ್ಲ.

"ಬಿಡಿಸ್ರಿ, ನಾ ಹೋಗಬೇಕು," ಎಂದೆ.

ಟೆಕ್ನಿಷಿಯನ್ ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತಳು. ಆಕೆಯ ಕಣ್ಣಲ್ಲೂ ನೀರಿತ್ತು. "ಬಿಡಸ್ತೀನಿ ಅಣ್ಣಾ. ಆದ್ರ ನಿನ್ನಿ ಐತವಾರದ ಸೂಟಿ ಇತ್ತು, ನಿಮ್ಮ ಮೈಯಾಗ ಎರಡು ದಿನದ ನೀರು ಅದ. ಹೋಗಿ ನೀವೂ ಅಲ್ಲೇ ಬಿದ್ರ ಚಿಗವ್ವ ಯಾರನ್ನಂತ ನೋಡಬೇಕು?"

ನಾಲ್ಕು ತಾಸು ಮಲಗಿದ್ದೆ. ಬಿಸಿಲಿನ ದಿನ, ಮಣ್ಣಿಗೆ ಇಡುವವರು ತಡ ಮಾಡಲಿಲ್ಲ. ನನ್ನ ರಕ್ತ ಕೊಳವೆಗಳಲ್ಲಿ ಸುತ್ತುತ್ತಿದ್ದಾಗಲೇ ಅವರನ್ನು ಹೊತ್ತುಕೊಂಡು ಹೋದರು, ಸಮಾಧಿಯೂ ಆಯಿತು. ಬ್ಯಾಂಡೇಜ್ ಒತ್ತಿ ಹಿಡಿದು ನಾನು ಅವರ ಮನೆ ಮುಟ್ಟಿದಾಗ ಅಂಗಳ ತೊಳೆಯುತ್ತಿದ್ದರು. ನನ್ನ ಬದುಕಿನಲ್ಲಿ ಈ ಕಾಯಿಲೆ ಕಿತ್ತುಕೊಂಡದ್ದು ಬಹಳ ಇದೆ. ಅದರಲ್ಲಿ ಆ ನಾಲ್ಕು ತಾಸನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮರುದಿನ ನನ್ನ ಬಿಡುವಿನ ದಿನ. ಚಿಗವ್ವ ನನ್ನನ್ನು ಕರೆದುಕೊಂಡು ಸಮಾಧಿಗೆ ಹೋದಳು. ಕಂಕುಳಲ್ಲಿ ತುಂಬಿದ ಕೊಡ. ಹಸಿಮಣ್ಣು ಆಗಲೇ ಬಿಸಿಲಿಗೆ ಬಿರುಕು ಬಿಡುತ್ತಿತ್ತು. ಆಕೆ ತಲೆಯ ಕಡೆ ಕೂತು ನಿಧಾನವಾಗಿ ಸುರಿಯತೊಡಗಿದಳು. ಮಣ್ಣು ಕುಡಿಯಿತು, ಮತ್ತೆ ಸುರಿದಳು, ಮತ್ತೆ ಕುಡಿಯಿತು.

"ಕುಡೀರಿ," ಎಂದಳು. "ಹೊಟ್ಟಿ ತುಂಬ ಕುಡೀರಿ. ಈಗ ಯಾರೂ ತೂಕ ಮಾಡಂಗಿಲ್ಲ."

ನಾನು ಈಗಲೂ ದಿನ ಬಿಟ್ಟು ದಿನ ಮಷಿನ್‌ಗೆ ಹೋಗುತ್ತೇನೆ. ಬೇರೆ ಕಿಡ್ನಿಗೆ ಹೆಸರು ಬರೆಸಿದ್ದೇನೆ, ಕರೆ ಬಂದಿಲ್ಲ. ನಡುವಿನ ದಿನಗಳಲ್ಲಿ ಗೋದಾಮಿನಿಂದ ಸೈಕಲ್ ಹೊರಗೆ ತೆಗೆಯುತ್ತೇನೆ. ಒಬ್ಬನೇ ದೇವದುರ್ಗದ ದಾರಿ ಹಿಡಿದಾಗ ಹೆದರಿಕೆ ಆಗುತ್ತದೆ. ಗುಡಾರದಲ್ಲಿ ಒಬ್ಬನೇ ಮಲಗಿದಾಗ ಎದೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ. ಆದರೂ ಹೋಗುತ್ತೇನೆ. ಕಾಕಾ ಅವತ್ತು ಬೇವಿನ ಕೆಳಗೆ ಕೂತು ನನಗೆ ಬಿಟ್ಟುಕೊಟ್ಟ ದಿನಗಳು ಇವು. ಮನೆಯಲ್ಲಿ ಕಣ್ಣು ಮುಚ್ಚಿ ಮಲಗಿ ಕಳೆಯಲು ನನಗೆ ಮನಸ್ಸು ಬರುವುದಿಲ್ಲ.

ಮೊನ್ನೆ ಬುತ್ತಿ ಕಟ್ಟುತ್ತಿದ್ದ ನನ್ನ ತಾಯಿ ತಲೆ ಎತ್ತಿದಳು. ಮೊದಲೆಲ್ಲ ಇಂಥ ಹೊತ್ತಿಗೆ, ಯಾಕ ಹೋಗ್ತಿ ಎಂದು ಕೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದವಳು, ಅವತ್ತು ಗಂಟು ಬಿಗಿಯುತ್ತ ಎಲ್ಲ ಮನೆಗಳಲ್ಲಿ ಎಲ್ಲ ತಾಯಂದಿರು ಕೇಳುವ ಮಾತನ್ನೇ ಕೇಳಿದಳು:

"ಯಾವಾಗ ಬರ್ತಿ?"

"ನಾಳಿದ್ದು ಯವ್ವಾ," ಎಂದೆ. ಮಷಿನ್ ಬೇರೆ ಉತ್ತರಕ್ಕೆ ಬಿಡುವುದಿಲ್ಲ. ಆದರೆ ಅಂಥದೊಂದು ಪ್ರಶ್ನೆ ಕೇಳಿಸಿಕೊಂಡು ಮನೆ ಬಿಟ್ಟು ಹೊರಡುವುದು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಸೈಕಲ್ಲನ್ನು ಅಂಗಳಕ್ಕಿಳಿಸಿದೆ. ಮುಂಜಾನೆಯಾಗಿತ್ತು, ಕಾಲಲ್ಲಿ ಕಸುವಿತ್ತು. ಎಂಜಿನ್ ಹಚ್ಚದೆ ತುಳಿದೆ.